ಕೃಷ್ಣೆಯ ಮಡುವಿನಲ್ಲಿ ಒಂದು ಬೆಳಗು

ಬೇಸಗೆಯ ರಜೆಯ ಕೊನೆಯ ವಾರವನ್ನು ಈ ಬಾರಿ ನಾವು ಕೊತ್ತಪಲ್ಲಿಯಲ್ಲಿ, ಅಕ್ಕನ ಮನೆಯಲ್ಲಿ ಕಳೆದೆವು. ತೆಲುಗು ಸೀಮೆಯಲ್ಲಿ ಈ ಹೆಸರಿನ ಊರುಗಳು ಅನೇಕ. ತೆಲುಗರ ‘ಕೊತ್ತ’ ನಮ್ಮ ‘ಹೊಸ’. ಅವರ ‘ಪಲ್ಲಿ’ ನಮ್ಮ ‘ಹಳ್ಳಿ’. ಹೀಗಾಗಿ ಕೊತ್ತಪಲ್ಲಿಯೆಂದರೆ ಕನ್ನಡದ ಹೊಸಹಳ್ಳಿಯೇ ಸರಿ. ಅಕ್ಕನ ಮಗ ಹನ್ನೆರಡರ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. “ಮಾಮಾ, ಮೃಗಶಿರಾ ಕಾರ್ತಿ ಬಂತು. ಕೊರಮೀನು ಹಿಡಿಯಲು ನದಿಗೆ ಹೋಗೋಣ” ಎಂದು ಆತ ಬೆನ್ನುಹತ್ತಿದನು.

ಜೂನ್ 7 ಅಥವಾ 8ರ ಸುಮಾರಿಗೆ ಬರುವ ಮೃಗಶಿರೆಯ ದಿನ ಮೀನು ತಿನ್ನಬೇಕೆಂಬುದು ತೆಲಂಗಾಣದ ಮನೆಮನೆಯ ರೂಢಿ. ಅಂದು ಪೇಟೆಯಲ್ಲಿ ಎಲ್ಲ ಮೀನಿಗೂ ಬೆಲೆಯುಂಟು. ಕೊರಮೀನಿಗಂತೂ ಎಲ್ಲಿಲ್ಲದ ಬೆಲೆ. 2016ರಲ್ಲಿ ಇದು ತೆಲಂಗಾಣದ ರಾಜ್ಯಮೀನೆಂಬ ಗೌರವವನ್ನೂ ಪಡೆಯಿತು. ಕನ್ನಡನಾಡಿನಲ್ಲಿ ಇದನ್ನೇ ಕೊರವ, ಮುರಲ್, ಕುಚ್ಚುಮೀನು ಎಂದು ಕಡೆಗೊಂದು ಹೆಸರಿನಿಂದ ಕರೆಯುವರು.

ಮಖ್ತಲದಿಂದ ಕೃಷ್ಣಾ ನಿಲ್ದಾಣಕ್ಕೆ ಈಗ ರೈಲಿನಲ್ಲಿಯೇ ಹೋಗಬಹುದು. ಜಕ್ಲೇರಿನಿಂದ ಕೃಷ್ಣೆಯವರೆಗಿನ ಹೊಸ ಹಳಿ 2023ರ ಅಕ್ಟೋಬರ್ 1ರಂದು ತೆರೆಯಿತು. ಆದರೆ ಕೃಷ್ಣಾ ನಿಲ್ದಾಣವು ಹಳೆಯದು. ಮುಂಬಯಿ ಮದರಾಸುಗಳನ್ನು 1871ರಲ್ಲಿ ಬೆಸೆದ ಹಾದಿಯ ಮೇಲಿನದು. ನಿಲ್ದಾಣ ದಾಟಿದೊಡನೆ ಸೇತುವೆ, ಸೇತುವೆಯ ಕೆಳಗೆ ನದಿ, ನದಿಯಾಚೆ ರಾಯಚೂರು ಸೀಮೆ. 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಶಕ್ತಿನಗರದ ಹೊಗೆಕೊಳವೆಗಳು ಈ ದಡಕ್ಕೂ ಕಾಣುತ್ತವೆ. ಸ್ವಲ್ಪ ಮೇಲಕ್ಕೆ ಹೋದರೆ ತಂಗಡಿಯ ಬಳಿ ಭೀಮೆಯು ಕೃಷ್ಣೆಯನ್ನು ಕೂಡುತ್ತಾಳೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಹಂಚಿಹೋದಾಗ ರಾಯಚೂರು ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಬಂದವು. ಇಲ್ಲಿ ಕೆಲವು ಹರದಾರಿಯವರೆಗೆ ನದಿಯೇ ಗಡಿ. ಹೆಣ್ಣು ಕೊಟ್ಟವರು ಆಚೆ, ತಂದವರು ಈಚೆ. ಮೀನಿಗೆ ಮಾತ್ರ ಯಾವ ರಾಜ್ಯದ ಮೇರೆಯೂ ಇಲ್ಲ.

ಬೇಸಗೆಯ ಕೃಷ್ಣೆಯನ್ನು ಕಂಡವರು ಮಳೆಗಾಲದ ಕೃಷ್ಣೆಯನ್ನು ಊಹಿಸಲಾರರು. ಬಂಡೆಗಳು ಮೈ ಬಿಟ್ಟುಕೊಂಡು ಬಿಸಿಲು ಕಾಯುತ್ತವೆ. ನಡುನಡುವೆ ಮಡುಗಳು ಕನ್ನಡಿಯಂತೆ ನಿಂತಿರುತ್ತವೆ. ಮೇಲೆ ನಾರಾಯಣಪುರದ ಅಣೆಕಟ್ಟು 1982ರಲ್ಲಿಯೂ, ಕೆಳಗೆ ಗದ್ವಾಲದ ಬಳಿ ಜೂರಾಲ 1995ರಲ್ಲಿಯೂ ಬಂದ ಮೇಲೆ ನದಿಯ ಏರಿಳಿತವು ಬಹುಮಟ್ಟಿಗೆ ಬಾಗಿಲುಗಳ ಕೈಗೆ ಸೇರಿತು. ಮೀನೂ ಬದಲಾಯಿತು. ಕಟ್ಲಾ, ರೋಹು, ಮೃಗಾಲಗಳು ಗಂಗೆಯ ನೀರಿನ ಮೂಲದವು. ಮರಿ ತಂದು ಬಿಟ್ಟು ಬೆಳೆಸಿದವು. ಜೂರಾಲದ ಕಟ್ಟೆಯ ಬಳಿ ಬಾಣಲೆಯಲ್ಲಿ ಕರಿದ ಮೀನನ್ನು ಸವಿಯಲು ದೂರದೂರದಿಂದ ಜನ ಬರುವರು.

ಆದರೆ ಗಾಳ ಹಾಕುವವರಿಗೆ ಬೇಕಾದುದು ಬಲೆಗೆ ರಾಶಿಯಾಗಿ ಬೀಳುವ ಮೀನಲ್ಲ. ಎದುರು ನಿಂತು ಸೆಣಸುವ ಮೀನು. ಅಂಥವು ಇಲ್ಲಿ ಎರಡು. ಒಂದು, ಹರಿವ ನೀರಿನ ಬಾಳೆಮೀನು. ತೆಲುಗರು ಅದನ್ನು ‘ವಾಲುಗ’ ಎನ್ನುವರು. ಶಾಸ್ತ್ರಜ್ಞರ ‘ವಲ್ಲಾಗೊ’ ಎಂಬ ಹೆಸರೂ ಅದರಿಂದಲೇ ಹುಟ್ಟಿತು. ಇನ್ನೊಂದು, ಜೊಂಡಿನ ಮಡುವಿನ ಕೊರವ. ಕಿವಿರೊಂದರಿಂದಲೇ ಅದಕ್ಕೆ ಉಸಿರು ಸಾಲದು. ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಇಳಿಯುತ್ತದೆ. ಆಗ ನೀರಿನ ಮೇಲೆ ಏಳುವ ಬಳೆಯೇ ಗಾಳಗಾರನಿಗೆ ಗುರುತು. ಬಿದಿರಿನ ಕೋಲು, ಗಟ್ಟಿ ದಾರ, ಜೋಳದ ದಂಟಿನ ಬೆಂಡು, ಗಾಳಕ್ಕೊಂದು ಎಳೆಗಪ್ಪೆ, ಇಷ್ಟೇ ಸಲಕರಣೆ. ತಾಳ್ಮೆಯನ್ನು ಮನೆಯಿಂದಲೇ ತರಬೇಕು.

ನಮ್ಮನ್ನು ದಡಕ್ಕೆ ಕರೆದೊಯ್ದವರು ಹರಗೋಲು ಹಾಕುವ ವಯೋವೃದ್ಧ ಅಂಬಿಗರು. ಮೀನುಗಾರರ ಸಂಘದವರ ಒಪ್ಪಿಗೆಯನ್ನು ಅವರೇ ಕೇಳಿ ಪಡೆದಿದ್ದರು. ಹೊರಡುವ ಮೊದಲೇ ಎಚ್ಚರಿಸಿದರು: “ನೀರಾಗ ಕಾಲು ಇಡಬ್ಯಾಡ್ರಿ. ಮೊಸಳಿ ಅದಾವ. ಮ್ಯಾಲಿಂದ ನೀರು ಬಿಟ್ರ ಹೇಳಿ ಕೇಳಿ ಬರೂದಿಲ್ಲ.” ನಾವು ಎತ್ತರದ ಬಂಡೆಯ ಮೇಲೆಯೇ ಕುಳಿತೆವು.

ಹಿಂದಿನ ವಾರವಷ್ಟೇ ಎರಡು ಹದವಾದ ಮಳೆ ಬಿದ್ದಿತ್ತು. ಹೊತ್ತು ಏರುವಷ್ಟರಲ್ಲಿ ಮಡುವಿನ ಅಂಚಿನಲ್ಲಿ ಬಳೆಯೆದ್ದಿತು. ಅದರ ಪಕ್ಕದಲ್ಲಿಯೇ ಕುಂಕುಮ ಚೆಲ್ಲಿದಂತೆ ಕೆಂಬಣ್ಣದ ಗುಂಪೊಂದು ಮಿಸುಕುತ್ತಿತ್ತು. ಹುಡುಗನು ಸಂಭ್ರಮದಿಂದ ಕೋಲನ್ನೆತ್ತಿದನು. ಅಂಬಿಗರು ಆತನ ಮಣಿಕಟ್ಟನ್ನು ಮೆಲ್ಲನೆ ಹಿಡಿದರು.

“ಬ್ಯಾಡ ತಮ್ಮಾ. ಅವು ಮರಿ. ಕೆಳಗ ಅವುಗಳ ಅವ್ವ-ಅಪ್ಪ ಕಾವಲು ಅದಾರ. ಈಗ ಕಪ್ಪಿ ಬಿಟ್ರ ಹಸಿವಿಗೆ ಹಿಡಿಯೂದಿಲ್ಲ, ಮರಿಗೆ ವೈರಿ ಬಂತಂತ ಹಿಡೀತಾವ. ಅವನ್ನ ಎತ್ತಿದಿ ಅಂದ್ರ ಸಂಜಿ ಒಳಗ ಈ ಮರಿಯೆಲ್ಲ ಬ್ಯಾರೆ ಮೀನಿನ ಹೊಟ್ಟಿ ಸೇರ್ತಾವ.”

ಈ ಮಾತನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದರೆ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಮುರಲ್ ಮೀನು ಮಳೆ ಬೀಳುತ್ತಲೇ ಗೂಡು ಮಾಡಿ, ಮೊಟ್ಟೆಯನ್ನೂ ಮರಿಯನ್ನೂ ಕಾಯುವ ಜಾತಿಯದು. ಅಮೆರಿಕದ ನೀರಿನಲ್ಲಿ ಬೇಸಗೆಯ ಗಾಳಗಾರರ ಅಚ್ಚುಮೆಚ್ಚಾದ ‘ಬಾಸ್’ ಮೀನಿನಲ್ಲಿಯೂ ಗಂಡು ಹೀಗೆಯೇ ಗೂಡಿಗೆ ಕಾವಲಿರುವುದು. ಅಮೆರಿಕ, ಕೆನಡಾಗಳ ಹಲವೆಡೆ ಆ ಕಾಲದಲ್ಲಿ ಅದನ್ನು ಹಿಡಿಯಲು ಕಾನೂನಿನ ತಡೆಯುಂಟು. ನಮ್ಮ ಮಡುವಿನಲ್ಲಿ ಅಂದು ಆ ಕಾನೂನು ಒಬ್ಬ ವೃದ್ಧರ ಕೈಯಾಗಿ ಬಂದಿತು.

ವಿಪರ್ಯಾಸವೆಂದರೆ, ಮೃಗಶಿರೆಯೆಂದು ಮನೆಮನೆಯವರೂ ಕೊರಮೀನನ್ನು ಬಯಸುವ ದಿನವೂ ಅದು ಮರಿ ಕಾಯತೊಡಗುವ ದಿನವೂ ಒಂದೇ ಆಗಿದೆ. ಹಬ್ಬದ ಊಟವನ್ನು ಬಿಡಿರೆಂದು ನಾವು ಹೇಳುವವರಲ್ಲ. ಅಂದು ಕೊಳದಲ್ಲಿ ಸಾಕಿದ ಮೀನನ್ನು ತಂದರೂ ರೂಢಿಗೆ ಊನವಿಲ್ಲ. ನದಿಯ ಕೊರವಕ್ಕೆ ಮರಿ ಬೆಳೆಸುವಷ್ಟು ಬಿಡುವು ಸಿಕ್ಕೀತು.

ಹುಡುಗನು ಬಹಳ ಹೊತ್ತು ಮುನಿಸಿಕೊಂಡಿದ್ದನು. ಬಳಿಕ ಗಾಳದಿಂದ ಕಪ್ಪೆಯನ್ನು ಬಿಡಿಸಿ, ಬಂಡೆಯ ಮೇಲೆ ಬೋರಲಾಗಿ ಮಲಗಿ, ಆ ಕೆಂಪು ಗುಂಪನ್ನೇ ನೋಡುತ್ತ ಕಾಲ ಕಳೆದನು. ತಾಯಿಮೀನು ಉಸಿರಿಗೆ ಬಂದಾಗಲೆಲ್ಲ ಎಣಿಸಿದನು. “ಇದಕ್ಕೆ ನಿಮ್ಮ ಕಡೆ ಏನಂತಾರ, ಅಜ್ಜಾ?” ಎಂದು ಕೇಳಿದನು. “ಕೊರವ” ಎಂದರು ಅಂಬಿಗರು. ಆತನು ಎರಡು ಸಲ ಅಂದು ನೋಡಿದನು.

ಹಿಂದಿರುಗುವಾಗ ಬಲೆಯವರಿಂದ ಒಂದು ಕಟ್ಲಾ ಕೊಂಡೆವು. ಅಕ್ಕನು ಚೀಲವನ್ನು ಬಿಚ್ಚಿ, “ಕೊರಮೀನು ತರ್ತೀವಂತ ಹೋದವರು ಇದನ್ನ ತಂದೀರಿ?” ಎಂದು ನಕ್ಕಳು. ನಾವು ಬಾಯಿ ತೆರೆಯುವ ಮೊದಲೇ ಹುಡುಗನು ಉತ್ತರ ಕೊಟ್ಟನು:

“ಅವ್ವಾ, ಕೊರವ ಮರಿ ಹಾಕ್ಯದ. ದೊಡ್ಡವಾಗಲಿ, ಆಮ್ಯಾಲೆ ಹೋಗ್ತೀವಿ.”