ವಿಜಯಪುರದ ಬಿಸಿಲೂ ಕುರ್ಚಿಯ ಹೊದಿಕೆಯೂ

ವಿಜಯಪುರಕ್ಕೆ ಹೋದವರು ಗೋಳಗುಮ್ಮಟವನ್ನು ನೋಡದೆ ಬರುವುದುಂಟೆ? ಆದರೆ ಅದರ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಸಾವಕಾಶವಾಗಿ ನೋಡುವವರು ವಿರಳ. ಮನೆಯ ಸೋಫಾಕ್ಕೆ ಬಟ್ಟೆ ಕೊಳ್ಳಬೇಕೆಂದಿರುವವರಂತೂ ಮೊದಲು ಅಲ್ಲಿಗೇ ಹೋಗಬೇಕು. ಮಹಮ್ಮದ್ ಆದಿಲಶಾಹನು 1646ರಲ್ಲಿ ಕಟ್ಟಿಸಿದ ಅಸರ್ ಮಹಲಿನ ಹಳೆಯ ರತ್ನಗಂಬಳಿಗಳು ಅಲ್ಲಿವೆ. ಅರಮನೆಯ ನೆರಳಿನಲ್ಲಿ ಬಾಳಿದ ಅವುಗಳಿಂದಲೂ ಕಾಲವು ತನ್ನ ಕಪ್ಪವನ್ನು ಪಡೆದಿದೆ. ಹೀಗಿರುವಾಗ ಕಿಟಕಿಯ ಪಕ್ಕದಲ್ಲಿ ದಿನವಿಡೀ ಬಿಸಿಲು ಕಾಯುವ ನಮ್ಮ ಸೋಫಾದ ಗತಿಯೇನು?

ಈ ನಾಡಿನಲ್ಲಿ ಬಟ್ಟೆಗೆ ಶತ್ರುಗಳು ಇಬ್ಬರು: ಬಿಸಿಲು ಮತ್ತು ಧೂಳು. ಬಿಸಿಲಿನ ಪಾಠವನ್ನು ತಿಕೋಟಾದಲ್ಲಿ ಕಲಿಯಬಹುದು. ನಗರದಿಂದ ಅಥಣಿಯ ಹಾದಿಯಲ್ಲಿ ಸುಮಾರು 20 ಕಿಲೋಮೀಟರು ಪಯಣಿಸಿದರೆ ಎತ್ತ ನೋಡಿದರತ್ತ ದ್ರಾಕ್ಷಿಯ ತೋಟಗಳು. ಒಣದ್ರಾಕ್ಷಿ ಮಾಡುವ ರೈತರು ಹಣ್ಣನ್ನು ನೇರವಾಗಿ ಬಿಸಿಲಿಗೆ ಹರಡುವುದಿಲ್ಲ. ಚಪ್ಪರದ ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಗಾಳಿಗೆ ಒಣಗಿಸುತ್ತಾರೆ. ಬಿಸಿಲು ತಗುಲಿದರೆ ಹಸಿರು ಹೋಗಿ ಕಂದು ಬರುತ್ತದೆ, ಬೆಲೆಯೂ ಇಳಿಯುತ್ತದೆ. ಹಣ್ಣಿನ ಬಣ್ಣಕ್ಕೆ ಇಷ್ಟು ಕಾಳಜಿಯಿರುವಾಗ, ಕಷ್ಟಪಟ್ಟು ಕೂಡಿಸಿದ ಹಣದಿಂದ ಕೊಂಡ ಬಟ್ಟೆಗೆ ಒಂದು ಪರದೆಯಾದರೂ ಬೇಡವೆ?

ಧೂಳಿನ ಪಾಠಕ್ಕೆ ಬಬಲೇಶ್ವರದ ಕಡೆಗೆ ಹೋಗಬೇಕು. ನಗರದ ನೈಋತ್ಯಕ್ಕಿರುವ ಈ ಸೀಮೆ ಎರೆಭೂಮಿಯದು. ಮಳೆಯಲ್ಲಿ ಕಾಲಿಗೆ ಅಂಟುವ ಮಣ್ಣು ಬೇಸಿಗೆಯಲ್ಲಿ ಗಾಳಿಯೊಡನೆ ಮನೆಯೊಳಗೆ ಬರುತ್ತದೆ. ಮಖಮಲ್ಲಿನ ನವಿರಾದ ಎಳೆಗಳಲ್ಲಿ ಅದು ಮನೆಮಾಡಿಕೊಂಡರೆ ಬಡಿದರೂ ಬಿಡದು. ರೆಕ್ಸಿನ್ನನ್ನು ಒರೆಸುವುದು ಸುಲಭವೇನೋ ಹೌದು. ಆದರೆ ತಾಪಮಾನ 40 ಡಿಗ್ರಿಯನ್ನು ಮುಟ್ಟುವ ವೈಶಾಖದಲ್ಲಿ ಅದರ ಮೇಲೆ ಕುಳಿತವರ ಬೆನ್ನು ಬೆವರಿನಿಂದ ಅಂಟಿಕೊಳ್ಳುತ್ತದೆ. ಈ ಭಾಗದ ಹಿರಿಯರು ಪಡಸಾಲೆಯಲ್ಲಿ ಜಮಖಾನ ಹಾಸಿ, ಲೋಡುಗಳಿಗೆ ಹತ್ತಿಯ ಗವಸು ತೊಡಿಸುತ್ತಿದ್ದುದರಲ್ಲಿ ದೊಡ್ಡ ವಿವೇಕವಿತ್ತು. ಮಾಸಿದಾಗ ಕಳಚಿ ಒಗೆಯಬಹುದು. ಸವೆದಾಗ ಗವಸನ್ನಷ್ಟೇ ಬದಲಿಸಬಹುದು. ಇಂದಿನ ಸೋಫಾಕ್ಕೂ ಮೊಳೆ ಹೊಡೆದ ಹೊದಿಕೆಗಿಂತ ಕಳಚಬಹುದಾದ ಗವಸೇ ಲೇಸು.

ಒಳ್ಳೆಯ ನೇಯ್ಗೆಗಾಗಿ ಬಹುದೂರ ಅಲೆಯಬೇಕಿಲ್ಲ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಗುಳೇದಗುಡ್ಡವು ಖಣಕ್ಕೆ ಹೆಸರಾದ ಊರು. ಖಣದ ಹೊಳಪಿಗೆ ಮರುಳಾಗಿ ಇಡೀ ಸೋಫಾಕ್ಕೆ ಅದನ್ನೇ ಹೊದಿಸುವುದು ಮಾತ್ರ ತರವಲ್ಲ. ಅದು ಕುಪ್ಪಸಕ್ಕೆಂದು ನೇಯ್ದ ಬಟ್ಟೆ. ಅಗಲ ಕಡಿಮೆ, ಮೇಲೆದ್ದ ಚಿತ್ತಾರದ ಎಳೆಗಳು ಉಜ್ಜಾಟಕ್ಕೆ ಕಿತ್ತುಬರುತ್ತವೆ. ಒರಗುದಿಂಬಿಗೆ ಅದು ಒಪ್ಪುತ್ತದೆ. ನವಲಗುಂದದ ಜಮಖಾನವಾದರೋ ಮರದ ಬಾಂಕಿಗೂ ದಿವಾನಕ್ಕೂ ಹೇಳಿಮಾಡಿಸಿದಂತಹುದು. ಹೆಂಗಸರೇ ನೇಯುವ ಈ ದಪ್ಪ ಹಾಸಿನಲ್ಲಿ ನವಿಲೂ ಪಗಡೆಯ ಹಾಸೂ ಮೂಡುತ್ತವೆ. ಆದಿಲಶಾಹಿ ಕಾಲದಲ್ಲಿ ವಿಜಯಪುರವನ್ನು ಬಿಟ್ಟು ಹೋದ ನೇಕಾರ ಮನೆತನಗಳು ಈ ಕಲೆಯನ್ನು ಅಲ್ಲಿಗೆ ಒಯ್ದವೆಂದು ಹೇಳುವುದುಂಟು. ಇಂದು ಅದನ್ನು ನೇಯುವ ಕೈಗಳು ಬೆರಳೆಣಿಕೆಯಷ್ಟು. ನಮ್ಮ ಆಯ್ಕೆಯಿಂದ ಅವರ ಮಗ್ಗವೂ ಉಳಿದೀತು.

ಸೋಫಾದ ಕೂರುವ ಜಾಗಕ್ಕೆ ಬೇಕಾದುದು ಒತ್ತಾಗಿ ನೇಯ್ದ ದಪ್ಪ ಹತ್ತಿಯ ಬಟ್ಟೆ. ಅಂಗಡಿಯಲ್ಲಿ ಅದನ್ನು ಬೆಳಕಿಗೆ ಹಿಡಿಯಿರಿ. ಬೆಳಕು ತೂರಿಬಂದರೆ ನೇಯ್ಗೆ ಸಡಿಲ. ಒಂದು ಮೂಲೆಯನ್ನು ತೇವಮಾಡಿ ಬಿಳಿಯ ಕರವಸ್ತ್ರದಿಂದ ಉಜ್ಜಿದರೆ ಬಣ್ಣದ ಗಟ್ಟಿತನ ತಿಳಿಯುತ್ತದೆ. ದೊಡ್ಡ ಹೂವಿನ ಬಟ್ಟೆಗೆ ಹೂವಿಗೆ ಹೂ ಕೂಡಿಸಬೇಕಾಗಿ ಹೆಚ್ಚು ಗಜ ಹಿಡಿಯುತ್ತದೆಂಬುದನ್ನೂ ಮರೆಯಬೇಡಿ. ಹೊಲಿಸುವ ಮುನ್ನ ಒಮ್ಮೆ ನೆನೆಸಿ ಒಣಗಿಸಿದರೆ ಮುಂದೆ ಗವಸು ಕುಗ್ಗಿ ಬಿಗಿಯಾಗದು. ಒಣಗಿಸುವುದು ಮಾತ್ರ ತಿಕೋಟಾದವರಂತೆ, ನೆರಳಿನಲ್ಲಿ.