ಮನೆಗೊಂದು ಲ್ಯಾಪ್‌ಟಾಪ್: ಯಾವುದು, ಯಾರಿಗೆ?



ಶಾಲೆ ಆರಂಭವಾಗುವ ದಿನಗಳಲ್ಲಿ ತಾಯಂದಿರು ನಮ್ಮಂತಹ ಅಧ್ಯಾಪಿಕೆಯರಲ್ಲಿ ಕೇಳುವ ಪ್ರಶ್ನೆಗಳು ಈಗ ಬದಲಾಗಿವೆ. ಹಿಂದೆ, ಯಾವ ಗೈಡ್ ಒಳ್ಳೆಯದು, ಟ್ಯೂಷನ್‌ಗೆ ಕಳುಹಿಸಬೇಕೇ ಎಂದು ಕೇಳುತ್ತಿದ್ದರು. ಈಗ, “ಟೀಚರ್, ಮಕ್ಕಳಿಗೆ ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ?” ಎಂದು ಕೇಳುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ, ಪಾಠವೆಲ್ಲ ಮೊಬೈಲಿನ ಪುಟ್ಟ ಪರದೆಗೆ ಬಂದಾಗಿನಿಂದ ಈ ಪ್ರಶ್ನೆ ಹೆಚ್ಚಾಗಿದೆ.

ನಾನು ಕಂಪ್ಯೂಟರ್ ವಿಷಯ ಓದಿದವಳಲ್ಲ. ಮದ್ರಸದಲ್ಲಿ ಕಲಿತು, ಬಳಿಕ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿ ಅಧ್ಯಾಪಿಕೆಯಾದವಳು. ಆದರೆ 2022ರಲ್ಲಿ ನಮ್ಮ ಮನೆಯ ಮೂರು ಮಕ್ಕಳಿಗಾಗಿ ಒಂದು ಲ್ಯಾಪ್‌ಟಾಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಗ ದೊಡ್ಡ ಮಗಳು ಒಂಬತ್ತನೇ ತರಗತಿ, ಮಗ ಏಳನೆಯದು, ಚಿಕ್ಕವಳು ಮೂರನೆಯದು. ಆಗ ತಿಳಿದುಕೊಂಡದ್ದನ್ನೂ ಅದನ್ನು ಬಳಸುತ್ತಾ ಕಲಿತದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ, ಇದರಲ್ಲಿ ಮಕ್ಕಳು ಮಾಡುವ ಕೆಲಸವೇನು ಎಂಬುದು. ಎಲ್.ಕೆ.ಜಿ., ಒಂದನೇ ತರಗತಿಯ ಮಗುವಿಗೆ ಲ್ಯಾಪ್‌ಟಾಪಿನ ಅಗತ್ಯವಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಹೈಸ್ಕೂಲಿಗೆ ಬಂದ ಮೇಲೆ ಸ್ಥಿತಿ ಬೇರೆ. ಪ್ರಾಜೆಕ್ಟ್ ಬರೆಯಬೇಕು, ಪಿಡಿಎಫ್ ರೂಪದ ಪಠ್ಯಪುಸ್ತಕ ನೋಡಬೇಕು, ದೀಕ್ಷಾದಲ್ಲಿರುವ ಪಾಠದ ವೀಡಿಯೋ ನೋಡಬೇಕು. ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡವರಿಗೆ ಪೈಥಾನ್ ಅಭ್ಯಾಸ, ವಾಣಿಜ್ಯದವರಿಗೆ ಲೆಕ್ಕಪತ್ರದ ತಂತ್ರಾಂಶ ಬೇಕಾಗುತ್ತದೆ. ಈ ಯಾವ ಕೆಲಸಕ್ಕೂ ಲಕ್ಷ ರೂಪಾಯಿಯ ಯಂತ್ರ ಬೇಡ. ಎಂಜಿನಿಯರಿಂಗ್ ಅಥವಾ ವಿನ್ಯಾಸದ ಕೋರ್ಸಿಗೆ ಸೇರುವ ಮಕ್ಕಳಿದ್ದರೆ ಮಾತ್ರ ಕಾಲೇಜಿನಲ್ಲಿ ವಿಚಾರಿಸಿ, ಅವರು ಹೇಳಿದ ಬಳಿಕವೇ ಖರೀದಿಸಿ.

ಅಂಗಡಿಗೆ ಹೋದರೆ ಅವರು ಹೇಳುವ ಪದಗಳು ನಮ್ಮನ್ನು ಕಕ್ಕಾಬಿಕ್ಕಿ ಮಾಡುತ್ತವೆ. ಅವುಗಳಲ್ಲಿ ಎರಡನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಒಂದು ರ್ಯಾಮ್, ಇನ್ನೊಂದು ಸ್ಟೋರೇಜ್. ರ್ಯಾಮ್ ಎಂದರೆ ಅಡುಗೆಮನೆಯ ಕಟ್ಟೆಯಿದ್ದಂತೆ. ಕಟ್ಟೆ ಅಗಲವಿದ್ದರೆ ತರಕಾರಿ ಹೆಚ್ಚುವುದು, ಮಸಾಲೆ ಅರೆಯುವುದು, ಪತ್ತಿರಿ ತಟ್ಟುವುದು ಎಲ್ಲ ಒಟ್ಟಿಗೆ ನಡೆಯುತ್ತದೆ. ಕಿರಿದಾಗಿದ್ದರೆ ಒಂದನ್ನು ಎತ್ತಿಟ್ಟೇ ಇನ್ನೊಂದನ್ನು ಮಾಡಬೇಕು. ಸ್ಟೋರೇಜ್ ಎಂದರೆ ಸಾಮಾನು ತುಂಬಿಡುವ ಕಪಾಟು. ವಿಂಡೋಸ್ 11 ನಡೆಯಲು ಕನಿಷ್ಠ 4 ಜಿಬಿ ರ್ಯಾಮ್ ಮತ್ತು 64 ಜಿಬಿ ಸ್ಟೋರೇಜ್ ಸಾಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಆದರೆ ಆ ಕನಿಷ್ಠದಲ್ಲಿ ಯಂತ್ರ ತೆವಳುತ್ತದೆ, ಮಕ್ಕಳ ತಾಳ್ಮೆಯೂ ಕೆಡುತ್ತದೆ. 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವುದನ್ನೇ ಕೇಳಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳಿಲ್ಲ. ಆದ್ದರಿಂದ ಅದು ಹಳೆಯ ಹಾರ್ಡ್ ಡಿಸ್ಕಿಗಿಂತ ಬಹಳ ವೇಗವಾಗಿರುತ್ತದೆ, ಮಕ್ಕಳ ಕೈಯಲ್ಲಿ ಸ್ವಲ್ಪ ಕುಲುಕಿದರೂ ತಾಳಿಕೊಳ್ಳುತ್ತದೆ. ಬಹಳ ಅಗ್ಗಕ್ಕೆ ಸಿಗುವ ಕೆಲವು ಲ್ಯಾಪ್‌ಟಾಪುಗಳಲ್ಲಿ 64 ಜಿಬಿ ಇಎಂಎಂಸಿ ಎಂಬ ಸ್ಟೋರೇಜ್ ಇರುತ್ತದೆ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಅದರ ಬಹುಪಾಲನ್ನು ತುಂಬಿಬಿಡುತ್ತವೆ. ಮುಂದೆ ರ್ಯಾಮ್ ಹೆಚ್ಚಿಸಲು ಸಾಧ್ಯವೇ ಎಂದೂ ಕೇಳಿ. ಕೆಲವು ತೆಳ್ಳಗಿನ ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ಕ್ರೋಮ್‌ಬುಕ್ ಎಂಬುದು ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆ, ಬೇಗ ಆನ್ ಆಗುತ್ತದೆ. ಆದರೆ ಅದರ ಹೆಚ್ಚಿನ ಕೆಲಸ ಇಂಟರ್‌ನೆಟ್ ನಂಬಿಕೊಂಡಿರುತ್ತದೆ. ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಕೈಕೊಡುವ ಊರಿನವರು ಇದನ್ನು ಯೋಚಿಸಿ ತೆಗೆದುಕೊಳ್ಳಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ದಾರಿಯಿದೆ. ಗಲ್ಫಿನಿಂದ ತರಿಸುವುದು. ಹದಿನೆಂಟು ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ನನ್ನ ಯಜಮಾನರೂ ದುಬೈಯಿಂದ ತರುತ್ತೇನೆಂದರು. ಮಗ ಆಗಲೇ ಕೆಂಪು ದೀಪ ಉರಿಯುವ ಕೀಬೋರ್ಡಿನ ಗೇಮಿಂಗ್ ಲ್ಯಾಪ್‌ಟಾಪಿನ ಚಿತ್ರ ಕಳುಹಿಸಿಯೂ ಆಗಿತ್ತು! ನಾನು ಅವರಿಗೆ ಫೋನಿನಲ್ಲಿ ಮೂರು ವಿಷಯ ಹೇಳಿದೆ. ಅಲ್ಲಿ ಕೊಂಡ ಯಂತ್ರದ ವಾರಂಟಿ ನಮ್ಮೂರಿನಲ್ಲಿ ನಡೆಯುತ್ತದೆಯೇ ಎಂದು ಬಿಲ್ ಹಾಕುವ ಮೊದಲೇ ಕೇಳಬೇಕು, ಏಕೆಂದರೆ ಎಲ್ಲ ಮಾದರಿಗಳಿಗೂ ಅಂತಾರಾಷ್ಟ್ರೀಯ ವಾರಂಟಿ ಇರುವುದಿಲ್ಲ. ಅಲ್ಲಿನ ಚಾರ್ಜರಿನ ಮೂರು ಚಪ್ಪಟೆ ಪಿನ್ನುಗಳು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದುವುದಿಲ್ಲ, ವಯರ್ ಬದಲಿಸಬೇಕು. ಇನ್ನು, ಗೇಮಿಂಗ್ ಲ್ಯಾಪ್‌ಟಾಪ್ ಭಾರವಾಗಿರುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಅದರ ಹೆಚ್ಚುವರಿ ಬೆಲೆಯೆಲ್ಲ ಆಟಕ್ಕೆ ಬೇಕಾದ ಗ್ರಾಫಿಕ್ಸ್‌ಗೆ ಹೋಗುತ್ತದೆ. “ಹಾಗಾದರೆ ನೀನೇ ನೋಡು” ಎಂದು ಅವರು ಹಣ ಕಳುಹಿಸಿದರು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ನಾವು ಕೊಂಡದ್ದು ಒಂದು ಕಚೇರಿಯಲ್ಲಿ ಬಳಸಿ, ಬಳಿಕ ದುರಸ್ತಿ ಮಾಡಿ ಮಾರಿದ ಲ್ಯಾಪ್‌ಟಾಪ್. 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ, 14 ಇಂಚಿನ ಪರದೆ. 24 ಸಾವಿರ ರೂಪಾಯಿ ಕೊಟ್ಟೆವು. ಎರಡು ವರ್ಷಗಳ ನಂತರ ಬ್ಯಾಟರಿ ಬದಲಿಸಬೇಕಾಯಿತು. ಅದನ್ನು ಬಿಟ್ಟರೆ ತೊಂದರೆಯಿಲ್ಲ. ಬಳಸಿದ ಯಂತ್ರ ಕೊಳ್ಳುವವರು ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ವಿಂಡೋಸೇ ಲೆಕ್ಕ ಕೊಡುತ್ತದೆ. ಕೀಬೋರ್ಡಿನ ಪ್ರತಿಯೊಂದು ಅಕ್ಷರವನ್ನೂ ಒತ್ತಿ ನೋಡಿ. ಕ್ಯಾಮರಾ, ಸ್ಪೀಕರ್, ವೈಫೈ ಅಲ್ಲಿಯೇ ಪರೀಕ್ಷಿಸಿ. ಅಂಗಡಿಯ ಹೆಸರಿರುವ ಬಿಲ್ ಮತ್ತು ಕನಿಷ್ಠ ಆರು ತಿಂಗಳ ವಾರಂಟಿ ಬರಹದಲ್ಲಿ ಪಡೆಯಿರಿ.

ಇನ್ನೊಂದು ಎಚ್ಚರಿಕೆ ಈಗ ಅಗತ್ಯ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯ ಯಂತ್ರಗಳು ಈಗ ಮಾರುಕಟ್ಟೆಯಲ್ಲಿ ತೀರಾ ಅಗ್ಗವಾಗಿ ಕಾಣಿಸುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣ. ಅಂಥದ್ದು ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ತಿಳಿದವರಿಂದ ಲಿನಕ್ಸ್ ಹಾಕಿಸಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ನಮ್ಮ ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ವರ್ಷಗಳಿಂದ ಇಂತಹ ಸ್ವತಂತ್ರ ತಂತ್ರಾಂಶವನ್ನೇ ಬಳಸುತ್ತಿದ್ದಾರೆ. ಕಾಸರಗೋಡಿನ ನಮ್ಮ ಸಂಬಂಧಿಕರ ಮಕ್ಕಳು ಅದರಲ್ಲಿಯೇ ಕಲಿತವರು. ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್, ರೇಖಾಗಣಿತಕ್ಕೆ ಜಿಯೋಜಿಬ್ರಾ, ಪ್ರೋಗ್ರಾಮಿಂಗ್ ಕಲಿಯುವ ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್. ಇವೆಲ್ಲ ಉಚಿತವಾಗಿ ಸಿಗುತ್ತವೆ, ವಿಂಡೋಸಿನಲ್ಲಿಯೂ ನಡೆಯುತ್ತವೆ. ಕನ್ನಡದಲ್ಲಿ ಬರೆಯಲು ಬೇಕಾದ ಕೀಬೋರ್ಡ್ ವಿಂಡೋಸಿನ ಒಳಗೇ ಇದೆ. ಭಾಷೆಯ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿಕೊಂಡರೆ ಸಾಕು.

ಹಣದ ವಿಷಯಕ್ಕೆ ಬರೋಣ. ‘ನೋ ಕಾಸ್ಟ್ ಇಎಂಐ’ ಎಂಬ ಬೋರ್ಡು ನೋಡಿ ಇದರಲ್ಲಿ ಬಡ್ಡಿಯಿಲ್ಲವಲ್ಲ ಎಂದು ಅನೇಕ ಸಹೋದರಿಯರು ಭಾವಿಸುತ್ತಾರೆ. ಹೆಚ್ಚಿನ ಕಡೆ ಬ್ಯಾಂಕ್ ಬಡ್ಡಿ ಹಾಕಿಯೇ ಇರುತ್ತದೆ. ಅಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ರಿಯಾಯಿತಿಯಾಗಿ ಇಳಿಸಿರುತ್ತಾರೆ. ಆ ಬಡ್ಡಿಯ ಮೇಲೆ ಜಿ.ಎಸ್.ಟಿ.ಯೂ, ಕೆಲವೊಮ್ಮೆ ಪ್ರೊಸೆಸಿಂಗ್ ಶುಲ್ಕವೂ ನಮ್ಮ ತಲೆಗೇ ಬರುತ್ತದೆ. ಬಡ್ಡಿಯಿಂದ ದೂರವಿರಬೇಕೆನ್ನುವ ಮನೆಯವರು ಇದನ್ನು ತಿಳಿದುಕೊಂಡು ನಿರ್ಧರಿಸಬೇಕು. ಆರು ತಿಂಗಳು ತಡವಾದರೂ ಡಬ್ಬಿಯಲ್ಲಿ ಕೂಡಿಟ್ಟು ಕೈಯಿಂದ ಹಣ ಕೊಟ್ಟು ತರುವುದರಲ್ಲಿ ನೆಮ್ಮದಿಯಿದೆ.

ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಎರಡು ಕೆಲಸ ಮಾಡಿ. ಒಂದು, ಮುಖ್ಯ ಖಾತೆಯ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಪ್ರತಿ ಮಗುವಿಗೂ ಬೇರೆ ಸಾಧಾರಣ ಖಾತೆ ಮಾಡಿಕೊಡಿ. ಆಗ ಕೆಲವು ಸಣ್ಣಪುಟ್ಟವನ್ನು ಬಿಟ್ಟರೆ ನಿಮಗೆ ತಿಳಿಯದಂತೆ ಹೊಸ ತಂತ್ರಾಂಶ ಸೇರಿಸಲಾಗದು. ಮೈಕ್ರೋಸಾಫ್ಟಿನ ಫ್ಯಾಮಿಲಿ ಸೇಫ್ಟಿಯಲ್ಲಿ ಸಮಯದ ಮಿತಿಯನ್ನೂ ನಿಗದಿಪಡಿಸಬಹುದು. ಎರಡು, ಅದಕ್ಕೆ ಹಾಲ್‌ನಲ್ಲಿ ಒಂದು ಖಾಯಂ ಜಾಗ ಮಾಡಿ. ಓಡಾಡುವವರಿಗೆಲ್ಲ ಪರದೆ ಕಾಣುವಂತಿರಲಿ. ಯಾವ ತಂತ್ರಾಂಶಕ್ಕಿಂತಲೂ ಇದು ಹೆಚ್ಚು ಕಾವಲು ಕಾಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಕಣ್ಣಿಗೆ ಒಳ್ಳೆಯದು. ನಮ್ಮ ಮಕ್ಕಳು ಕಿಟಕಿಯಾಚೆಯ ತೆಂಗಿನ ಮರ ನೋಡುತ್ತಾರೆ. ಗುಡುಗು ಮಿಂಚು ಇದ್ದಾಗ ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ.

ಇಷ್ಟೆಲ್ಲ ಹೇಳಿದ ಮೇಲೆ, ಯಾರೂ ಕೇಳದ ಪ್ರಶ್ನೆಯೊಂದಿದೆ. ಈ ಲ್ಯಾಪ್‌ಟಾಪ್ ಮನೆಯಲ್ಲಿ ಯಾರದು?

ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ವಿಜ್ಞಾನದಲ್ಲಿ ಬಹಳ ಚುರುಕು. ಪ್ರಾಜೆಕ್ಟ್ ಪ್ರತಿ ಸಲವೂ ತಡವಾಗಿ ತರುತ್ತಿದ್ದಳು. ವಿಚಾರಿಸಿದಾಗ, ತಾಯಿಯ ಮೊಬೈಲಿನಲ್ಲಿ, ರಾತ್ರಿ ಎಲ್ಲರೂ ಮಲಗಿದ ನಂತರ ಟೈಪ್ ಮಾಡುತ್ತೇನೆ ಎಂದಳು. “ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲವೇ?” ಎಂದೆ. “ಇದೆ ಟೀಚರ್, ಅದು ಅಣ್ಣನದು” ಎಂದಳು. ಅದರಲ್ಲಿ ದೂರಿರಲಿಲ್ಲ. ನಮ್ಮ ಮನೆಯ ಬಾವಿ ಹಿತ್ತಿಲಲ್ಲಿದೆ ಎಂದಷ್ಟೇ ಸಹಜವಾಗಿ ಹೇಳಿದಳು. ಅವಳ ತಾಯಿಯನ್ನು ಕರೆಸಿ ಮಾತಾಡಿದೆ. ಆ ತಾಯಿ ಕೆಟ್ಟವರಲ್ಲ. “ಅವನು ಕೋಣೆಯಲ್ಲಿಟ್ಟುಕೊಂಡಿದ್ದಾನೆ, ಇವಳು ಕೇಳಲೂ ಇಲ್ಲ ಟೀಚರ್” ಎಂದರು. ಮರುವಾರ ಲ್ಯಾಪ್‌ಟಾಪ್ ಕೋಣೆಯಿಂದ ಹಾಲ್‌ಗೆ ಬಂತು. ಆ ವರ್ಷದ ಕೊನೆಯ ಪ್ರಾಜೆಕ್ಟನ್ನು ಅವಳು ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ತಂದುಕೊಟ್ಟಳು.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದ್ದ ಪುರುಷರು ನೂರಕ್ಕೆ 57, ಮಹಿಳೆಯರು ನೂರಕ್ಕೆ 33. ಈ ಅಂತರ ಎಲ್ಲೋ ಡೆಲ್ಲಿಯಲ್ಲಿ ಹುಟ್ಟುವುದಿಲ್ಲ. ಲ್ಯಾಪ್‌ಟಾಪ್ ಯಾರ ಕೋಣೆಯಲ್ಲಿರುತ್ತದೆ ಎಂದು ನಿರ್ಧರಿಸುವ ನಮ್ಮ ಮನೆಗಳಲ್ಲಿ ಹುಟ್ಟುತ್ತದೆ. ಮಗಳಿಗೆ ಓದಲು ಕಳುಹಿಸಿದ ಹೆತ್ತವರು, ಓದಿನ ಉಪಕರಣವನ್ನು ಮಗನ ಕೈಗೆ ಮಾತ್ರ ಕೊಟ್ಟರೆ ಅದು ನ್ಯಾಯವೇ? ಹುಡುಗಿಯ ಕೈಗೆ ಕೊಟ್ಟರೆ ಕೆಡುತ್ತಾಳೆಂಬ ಹೆದರಿಕೆ ಕೆಲವರಿಗಿದೆ. ಆ ಹೆದರಿಕೆ ಮಗನ ವಿಷಯದಲ್ಲಿಯೂ ಇರಬೇಕಲ್ಲವೇ? ಹಾಲ್‌ನಲ್ಲಿ, ಎಲ್ಲರ ಕಣ್ಣೆದುರು ಇಟ್ಟ ಯಂತ್ರಕ್ಕೆ ಇಬ್ಬರ ವಿಷಯದಲ್ಲಿಯೂ ಒಂದೇ ನಿಯಮ.

ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಒಂದು ವೇಳಾಪಟ್ಟಿ ಅಂಟಿಸಿದ್ದೇವೆ. ಅಸ್ರ್ ನಂತರ ಚಿಕ್ಕವಳಿಗೆ ಅರ್ಧ ಗಂಟೆ. ಮಗ್ರಿಬ್ ನಂತರ ದೊಡ್ಡವಳಿಗೆ. ಇಶಾ ನಂತರ ಮಗನಿಗೆ. ಪರೀಕ್ಷೆ ಹತ್ತಿರವಿರುವವರಿಗೆ ಮೊದಲ ಹಕ್ಕು. ರಾತ್ರಿ ಹತ್ತಕ್ಕೆ ಅದು ಮುಚ್ಚುತ್ತದೆ. ಪಟ್ಟಿಯಲ್ಲಿ ನಾಲ್ಕನೇ ಹೆಸರು ನನ್ನದು. ಭಾನುವಾರ ಬೆಳಿಗ್ಗೆ ಒಂದು ಗಂಟೆ ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಕೀಬೋರ್ಡ್ ಕಲಿಸಿದ್ದು ಮಗ. ಅಮ್ಮನಿಗೆ ಪಾಠ ಹೇಳುವ ಗತ್ತಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪಿನ ಬೇಸರವನ್ನು ಅವನು ಮರೆತ.

ಸಹೋದರಿಯರೇ, ಈ ವರ್ಷ ಲ್ಯಾಪ್‌ಟಾಪ್ ಕೊಳ್ಳುವವರಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಮನೆಯ ಎಲ್ಲ ಮಕ್ಕಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಕೆಲಸ ಮತ್ತು ಸಮಯ ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರನ್ನೂ ಸೇರಿಸಿ. ಆ ಕಾಗದವನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ. ಈಗಾಗಲೇ ಕೊಂಡವರಿದ್ದರೆ, ಅದು ಯಾವ ಕೋಣೆಯಲ್ಲಿದೆ ಎಂದು ಇಂದೇ ಒಮ್ಮೆ ಎದ್ದು ನೋಡಿ ಬನ್ನಿ.