ಪಾಲಾದ ಮೇಲೆ ಕೂಡಿಸಿದ ಕಾರ್ಡು

ಸೋಲಾಪುರದಲ್ಲಿ ನಮ್ಮ ತಂದೆಯವರ ಬಟ್ಟೆ ಅಂಗಡಿ ಎರಡು ಪಾಲಾದ ಮೇಲೆ ಅಣ್ಣ-ತಮ್ಮಂದಿರಾದ ನಮ್ಮಲ್ಲಿ ಮಾತುಕತೆ ಬಹಳ ಕಡಿಮೆಯಾಗಿತ್ತು. ಮನೆ ಒಂದೇ, ಕಿರ್ದಿ ಬೇರೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿದರೆ ಮುಂದೆ ಉದ್ದನೆಯ ಸಂಜೆ. ಆ ಹೊತ್ತಿನಲ್ಲಿ ನಮ್ಮಿಬ್ಬರನ್ನು ಒಂದೇ ಮೇಜಿಗೆ ಕೂಡಿಸಿದ್ದು ಒಂದು ಕಂಪ್ಯೂಟರು ಎಂದರೆ ಓದುಗ ಬಂಧುಗಳು ನಕ್ಕಾರು.

ಅದರ ಹೆಸರು ಆರ್‌ಸಿ2014. ಇಂಗ್ಲೆಂಡಿನ ಸ್ಪೆನ್ಸರ್ ಓವನ್ ರೂಪಿಸಿದ್ದು. ಬಿಡಿಭಾಗ ತರಿಸಿ, ಬೆಸುಗೆ ಹಾಕಿ ನಾವೇ ಜೋಡಿಸಿಕೊಳ್ಳಬೇಕು. ಒಳಗಿರುವುದು 1976ರಲ್ಲಿ ಬಂದ ಝಡ್80 ಪ್ರೊಸೆಸರ್. ತಮ್ಮನ ಮಗ ಜೋಡಿಸಿಟ್ಟು ಕಾಲೇಜಿಗೆ ಹೋದ. ಯಂತ್ರ ನಮ್ಮ ಪಾಲಿಗೆ ಉಳಿಯಿತು. ಅದಕ್ಕೆ ದನಿ ಇರಲಿಲ್ಲ. ದನಿಯ ಕಾರ್ಡೊಂದನ್ನು ಮಾಡೋಣವೆಂದು ತಮ್ಮ ನಕ್ಷೆ ಬರೆಯಲು, ಅಣ್ಣ ಬೆಸುಗೆ ಹಾಕಲು ಒಪ್ಪಿದೆವು.

ಆರಿಸಿದ್ದು ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯ ಎವೈ-3-8910 ಎಂಬ ಹಳೆಯ ಚಿಪ್ಪು. 1980ರ ದಶಕದ ಎಂಎಸ್‌ಎಕ್ಸ್ ಕಂಪ್ಯೂಟರುಗಳು ಹಾಡುತ್ತಿದ್ದುದು ಇದರಿಂದಲೇ. ಮೂರು ಸ್ವರ ಒಟ್ಟಿಗೆ ನುಡಿಸುತ್ತದೆ. ಇದರ ವ್ಯವಹಾರ ನಮ್ಮ ಖತಾವಣಿಯಂತೆಯೇ: ಒಳಗೆ 16 ರಿಜಿಸ್ಟರುಗಳಿವೆ, ಮೊದಲು ಪುಟದ ಸಂಖ್ಯೆ ಹೇಳಬೇಕು, ಆಮೇಲೆ ಮೊತ್ತ ಬರೆಯಬೇಕು. ಯಂತ್ರದ 7.3728 ಮೆಗಾಹರ್ಟ್ಸ್ ಗಡಿಯಾರ ಇದಕ್ಕೆ ಅತಿ ವೇಗ. ನಾಲ್ಕರಿಂದ ಭಾಗಿಸಿ 1.8432 ಮಾಡಿದೆವು. ಚಿಪ್ಪು ಅದನ್ನು ಮತ್ತೆ 16ರಿಂದ, ಅನಂತರ ನಾವು ಬರೆದ ಸಂಖ್ಯೆಯಿಂದ ಭಾಗಿಸುತ್ತದೆ. 262 ಎಂದು ಬರೆದರೆ 439.7 ಹರ್ಟ್ಸ್. ಬೇಕಾದದ್ದು 440. ಇಷ್ಟು ವಟಾವು ಯಾವ ವ್ಯಾಪಾರಿಯೂ ಬಿಟ್ಟಾನು!

ಮೊದಲ ದನಿ ಬಂದಾಗ ತಾಯಿಯವರು ಒಳಗಿನಿಂದ, "ಇದೇನೋ, ಪೀಪಿ ಊದಿದಂಗ ಕೇಳಸ್ತದ!" ಎಂದರು.

ಸಂತೋಷ ಎರಡು ದಿನ. ಒಂದು ಹಾಡು ಸರಿಯಾಗಿ ನುಡಿದರೆ, ಇನ್ನೊಂದು ನುಡಿಯುವಾಗ ಕೀಲಿ ಒತ್ತಿದೊಡನೆ ಯಂತ್ರ ಸ್ತಬ್ಧ. ಬೆಸುಗೆ ಕಚ್ಚಾ ಎಂದು ತಮ್ಮ, ನಕ್ಷೆಯೇ ತಪ್ಪೆಂದು ಅಣ್ಣ. ಮಾತು ಬೆಸುಗೆಯಿಂದ ಅಂಗಡಿಯ ಹಳೆಯ ಲೆಕ್ಕಕ್ಕೆ ಹೋಯಿತು. ಒಂಬತ್ತು ದಿನ ಮೇಜಿನ ಬಳಿ ಯಾರೂ ಸುಳಿಯಲಿಲ್ಲ.

ಕಾರಣ ಹೀಗಿತ್ತು. ಹೊರಗಿನ ಕಾರ್ಡುಗಳೊಡನೆ ಮಾತಾಡುವಾಗ ಝಡ್80 ಐಒಆರ್‌ಕ್ಯೂ ಎಂಬ ತಂತಿಯನ್ನು ಕೆಳಗಿಳಿಸುತ್ತದೆ. ಯಾವುದಾದರೂ ಕಾರ್ಡು ನಡುವೆ ತಡೆದು ಕರೆದಾಗ ಓಗೊಡುವುದಕ್ಕೂ ಅದೇ ತಂತಿ. ಆದರೆ ಆಗ ಎಂ1 ಎಂಬ ಇನ್ನೊಂದು ತಂತಿಯೂ ಜೊತೆಗೆ ಇಳಿಯುತ್ತದೆ. ನಾವು ಎಂ1 ನೋಡಿರಲೇ ಇಲ್ಲ. ಕೀಲಿಮಣೆಯ ಕಾರ್ಡು ಉತ್ತರ ಹೇಳಬೇಕಾದ ಕ್ಷಣದಲ್ಲಿ, ವಿಳಾಸ ಹೊಂದಿದಾಗಲೆಲ್ಲ, ನಮ್ಮ ಚಿಪ್ಪೂ ತನ್ನನ್ನೇ ಕರೆದರೆಂದು ನಡುವೆ ಬಾಯಿ ಹಾಕುತ್ತಿತ್ತು. ವಿಳಾಸ ಆರಿಸುವ 74138 ಚಿಪ್ಪಿನ ಆರನೆಯ ಕಾಲನ್ನು ನಕ್ಷೆಯಲ್ಲಿ ಸುಮ್ಮನೆ 5 ವೋಲ್ಟಿಗೆ ಕಟ್ಟಿತ್ತು. ಅದು ಎಂ1ಗೆ ಹೋಗಬೇಕಿತ್ತು.

ಹತ್ತನೆಯ ಸಂಜೆ ತಮ್ಮ ನಕ್ಷೆ ಹಿಡಿದು ಬಂದು, "ಅಣ್ಣಾ, ತಪ್ಪು ನಂದ ಅದ" ಎಂದ. ಅಣ್ಣ ಏನೂ ಅನ್ನಲಿಲ್ಲ. ಬ್ಲೇಡಿನಿಂದ ಒಂದು ಗೆರೆ ಕತ್ತರಿಸಿ, ಕೂದಲೆಳೆಯಂಥ ತಂತಿಯೊಂದನ್ನು ಬೆಸೆದ. ಬೆಸೆದು ಮುಗಿಸಿ, "ಆ ವರ್ಷದ ಲೆಕ್ಕದಾಗ ನಂದೂ ಒಂದು ಕಲಂ ತಪ್ಪಿತ್ತು" ಎಂದ.

ಕಾರ್ಡಿನ ಖರ್ಚು ಯಾರ ಕಿರ್ದಿಗೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯ ಚೀಟಿ ತಾಯಿಯವರ ಡಬ್ಬಿಯಲ್ಲಿದೆ.